ಒಳಗಿನವರೇ ಹೊರಗೆ ಹೊರಟಾಗ

ಕಂಪ್ಯೂಟರು ತನ್ನ ಯಜಮಾನನನ್ನು ಕೇಳುವ ಪ್ರಶ್ನೆಗಳು ಹಲವು. ಅವುಗಳಲ್ಲೆಲ್ಲ ಅತ್ಯಂತ ಅನ್ಯಾಯವಾದ ಪ್ರಶ್ನೆ ಒಂದುಂಟು. ತೆರೆಯ ಮೂಲೆಯಲ್ಲಿ ಸಣ್ಣದೊಂದು ಚೀಟಿ ಮೂಡುತ್ತದೆ. ‘ಜೆನೆರಿಕ್ ಹೋಸ್ಟ್ ಪ್ರೊಸೆಸ್ ಫಾರ್ ವಿನ್32 ಸರ್ವೀಸಸ್’ ಎಂಬ ಉದ್ದನೆಯ ಹೆಸರಿನವರು ಯಾರೋ ಅಂತರಜಾಲಕ್ಕೆ ಹೋಗಬಯಸಿದ್ದಾರೆ, ಬಿಡಬಹುದೆ, ಬೇಡವೆ? ಕೆಳಗೆ ಎರಡೇ ಗುಂಡಿಗಳು. ಹೆಸರು ಕೇಳಿದರೆ ಯಾವುದೋ ದೊಡ್ಡ ಕಚೇರಿಯ ಮುದ್ರೆಯಂತಿದೆ; ಅರ್ಥ ಮಾತ್ರ ಏನೂ ಆಗದು. ಉತ್ತರ ಕೊಡಬೇಕಾದವನು ಹಾಲಿನ ಲೆಕ್ಕ ಬರೆಯಲೆಂದೋ, ದೂರದ ಊರಿನಲ್ಲಿರುವ ಮಗಳಿಗೆ ಪತ್ರ ಕಳುಹಿಸಲೆಂದೋ ಕುಳಿತವನು. ಅವನಿಗೆ ಯಂತ್ರಶಾಸ್ತ್ರದ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಕೈಗಿತ್ತಂತಾಗುತ್ತದೆ.

ಇಂಥ ಸಂದರ್ಭದಲ್ಲಿ ಮನುಷ್ಯರು ಸಾಮಾನ್ಯವಾಗಿ ಎರಡು ಪಂಗಡವಾಗಿ ಒಡೆಯುತ್ತಾರೆ. ‘ಹೋಗಲಿ ಬಿಡು’ ಎಂದು ಎಲ್ಲಕ್ಕೂ ಒಪ್ಪಿಗೆಯ ಗುಂಡಿಯನ್ನೇ ಒತ್ತುವವರು ಒಂದು ಕಡೆ. ‘ಗುರುತಿಲ್ಲದವರ ಸಹವಾಸ ನಮಗೇಕೆ’ ಎಂದು ಎಲ್ಲವನ್ನೂ ತಡೆಯುವವರು ಮತ್ತೊಂದು ಕಡೆ. ಮೊದಲನೆಯವರನ್ನು ಲೋಕ ಬೇಜವಾಬ್ದಾರರೆನ್ನುತ್ತದೆ, ಎರಡನೆಯವರನ್ನು ಎಚ್ಚರದವರೆನ್ನುತ್ತದೆ. ಆದರೆ ಈ ಒಂದು ವಿಷಯದಲ್ಲಿ ಎಚ್ಚರದವರೇ ಹೆಚ್ಚು ಪೆಟ್ಟು ತಿನ್ನುವುದುಂಟು. ಅದು ಹೇಗೆಂಬುದನ್ನು ನೋಡಬೇಕಾದರೆ ಆ ಚೀಟಿಯನ್ನು ಬರೆಯುವ ಕಾವಲುಗಾರನನ್ನೂ, ಅದರಲ್ಲಿ ಹೆಸರಿಸಿದ ಆಸಾಮಿಯನ್ನೂ ಸ್ವಲ್ಪ ಪರಿಚಯ ಮಾಡಿಕೊಳ್ಳಬೇಕು.

ಕಾವಲುಗಾರನ ಹೆಸರು ಫೈರ್‌ವಾಲ್. ಕಟ್ಟಡದ ಕಸುಬಿನಿಂದ ಎರವಲು ತಂದ ಮಾತು ಇದು. ಒಂದು ಮನೆಗೆ ಬಿದ್ದ ಬೆಂಕಿ ನೆರೆಮನೆಗೆ ಹಬ್ಬದಂತೆ ನಡುವೆ ಎಬ್ಬಿಸುವ ಗೋಡೆಗೆ ಆ ಹೆಸರು. 1988ರ ನವೆಂಬರಿನಲ್ಲಿ ‘ಮಾರಿಸ್ ವರ್ಮ್’ ಎಂಬ ಹುಳುವು ಅಮೆರಿಕೆಯ ವಿಶ್ವವಿದ್ಯಾನಿಲಯಗಳ ಸಾವಿರಾರು ಯಂತ್ರಗಳನ್ನು ಕೆಡವಿದ ಮೇಲೆ, ಸಂಸ್ಥೆಗಳು ತಮ್ಮ ಜಾಲಕ್ಕೂ ಹೊರಗಿನ ಜಾಲಕ್ಕೂ ನಡುವೆ ಇಂಥ ಗೋಡೆ ಕಟ್ಟುವುದು ರೂಢಿಗೆ ಬಂದಿತು. ಮನೆಯ ಒಂದೊಂದು ಯಂತ್ರಕ್ಕೂ ಸ್ವಂತದ ಗೋಡೆಯೊಂದು ಬೇಕೆಂಬ ಭಾವನೆ ಹುಟ್ಟಿದ್ದು ಆಮೇಲೆ, 2000ದ ಆಸುಪಾಸಿನಲ್ಲಿ. ‘ಜೋನ್ ಅಲಾರ್ಮ್’ ಎಂಬ ತಂತ್ರಾಂಶವನ್ನು ಆ ದಿನಗಳಲ್ಲಿ ಮನೆಯ ಬಳಕೆಗೆ ಬಿಟ್ಟಿಯಾಗಿ ಕೊಡುತ್ತಿದ್ದರು. ಹೊರಗಿನಿಂದ ಬರುವವರನ್ನು ಮಾತ್ರವಲ್ಲ, ಒಳಗಿನಿಂದ ಹೊರಡುವ ಪ್ರತಿಯೊಂದು ಪ್ರೋಗ್ರಾಮನ್ನೂ ತಡೆದು ನಿಲ್ಲಿಸಿ ‘ಎಲ್ಲಿಗೆ?’ ಎಂದು ಕೇಳುವುದು ಅದರ ವಿಶೇಷ. ಆ ವಿಶೇಷವೇ ಅದರ ಕೀರ್ತಿಗೂ ಮನೆಮನೆಯ ಗೊಂದಲಕ್ಕೂ ಕಾರಣವಾಯಿತು.

ಆಟದ ಪ್ರೋಗ್ರಾಮೊಂದು ಹೊರಗೆ ಹೊರಟರೆ ತೀರ್ಪು ಕಷ್ಟವಲ್ಲ. ಅದನ್ನು ಮನೆಗೆ ತಂದವರು ಯಾರೆಂದು ಗೊತ್ತು. ಬೇಡವಾದರೆ ತಡೆಯಬಹುದು, ಆಟ ನಿಂತೀತೇ ಹೊರತು ಮನೆ ನಿಲ್ಲದು. ಆದರೆ ಎಸ್‌ವಿಸಿಹೋಸ್ಟ್, ಎಲ್‌ಸಾಸ್, ಸರ್ವೀಸಸ್, ಸ್ಪೂಲ್‌ಎಸ್‌ವಿ ಮುಂತಾದ ಹೆಸರುಗಳವು ಹಾಗಲ್ಲ. ಅವು ವಿಂಡೋಸಿನೊಂದಿಗೆ ಬಂದವು. ಮನೆ ಕಟ್ಟಿದಾಗಲೇ ಗೋಡೆಯೊಳಗೆ ಹುದುಗಿದ ನೀರಿನ ಕೊಳವೆ, ವಿದ್ಯುತ್ತಿನ ತಂತಿಗಳಂತೆ. ಇವನ್ನೇ ಸಿಸ್ಟಂ ಪ್ರೊಸೆಸ್‌ಗಳೆನ್ನುತ್ತಾರೆ. ಇವುಗಳಲ್ಲಿ ಮೇಲೆ ಹೇಳಿದ ಉದ್ದ ಹೆಸರಿನ ಆಸಾಮಿಯೇ ಎಸ್‌ವಿಸಿಹೋಸ್ಟ್.

ಈ ಎಸ್‌ವಿಸಿಹೋಸ್ಟ್ ಎಂಬುದು ಒಬ್ಬನಲ್ಲ, ಒಂದು ವಠಾರ. ವಿಂಡೋಸಿನ ಹತ್ತಾರು ಸೇವೆಗಳು ಸ್ವತಂತ್ರವಾಗಿ ಓಡಲಾರವು. ಅವುಗಳಿಗೆ ಆಶ್ರಯ ಕೊಟ್ಟು ಓಡಿಸುವುದಕ್ಕೆಂದು 2000ದ ವಿಂಡೋಸ್ ಆವೃತ್ತಿಯ ಕಾಲದಿಂದ ಈ ಏರ್ಪಾಡು ನಡೆದು ಬಂದಿದೆ. ಒಂದೇ ಬಾಗಿಲು, ಒಂದೇ ಹೆಸರುಹಲಗೆ, ಒಳಗೆ ಮಾತ್ರ ಹಲವು ಸಂಸಾರ. ಜಾಲತಾಣದ ಹೆಸರನ್ನು ಅಂಕಿಗಳ ವಿಳಾಸವಾಗಿ ಬದಲಿಸಿಕೊಡುವ ಡಿಎನ್‌ಎಸ್ ಸೇವೆ ಒಂದು ಕೋಣೆಯಲ್ಲಿ. ಯಂತ್ರಕ್ಕೆ ವಿಳಾಸವನ್ನು ಬೇಡಿ ತರುವ ಡಿಎಚ್‌ಸಿಪಿ ಮತ್ತೊಂದರಲ್ಲಿ. ಗಡಿಯಾರವನ್ನು ಸರಿಪಡಿಸುವವನು ಇನ್ನೊಂದರಲ್ಲಿ. ಮೈಕ್ರೋಸಾಫ್ಟಿನಿಂದ ತಿದ್ದುಪಡಿಗಳನ್ನು ತರುವ ವಿಂಡೋಸ್ ಅಪ್‌ಡೇಟ್ ಹಿತ್ತಿಲ ಕಡೆ. ಬಾಗಿಲಲ್ಲಿ ನಿಂತ ಕಾವಲುಗಾರನಿಗೆ ಕಾಣುವುದು ವಠಾರದ ಹೆಸರು ಮಾತ್ರ. ಹೊರಟವರು ಯಾವ ಕೋಣೆಯವರೆಂಬುದು ಬಹಳ ಕಾಲ ಅವನಿಗೂ ಗೊತ್ತಾಗುತ್ತಿರಲಿಲ್ಲ. 2017ರ ವಿಂಡೋಸ್ 10ರ ಆವೃತ್ತಿಯೊಂದರಿಂದೀಚೆಗೆ, ಸಾಕಷ್ಟು ಮೆಮೊರಿ ಇರುವ ಯಂತ್ರಗಳಲ್ಲಿ, ಬಹುಪಾಲು ಸೇವೆಗಳಿಗೆ ಬೇರೆ ಬೇರೆ ಮನೆ ಮಾಡಿಕೊಟ್ಟಿದ್ದಾರೆ. ಹೆಸರುಹಲಗೆಯನ್ನು ಮಾತ್ರ ಬದಲಿಸಿಲ್ಲ. ಆದುದರಿಂದ ಟಾಸ್ಕ್ ಮ್ಯಾನೇಜರನ್ನು ತೆರೆದವರಿಗೆ ಅದೇ ಹೆಸರು ಐವತ್ತು ಅರವತ್ತು ಸಲ ಕಂಡು ಎದೆ ಧಸಕ್ಕೆನ್ನುವುದುಂಟು. ಭಯಕ್ಕೆ ಕಾರಣವಿಲ್ಲ.

ಈಗ, ತಡೆಯುವವರ ಕಥೆ. ಗೃಹಸ್ಥರೊಬ್ಬರು ಆ ಚೀಟಿಗೆ ‘ಬೇಡ’ ಎಂದರೆಂದಿಟ್ಟುಕೊಳ್ಳಿ. ಒಡನೆಯೇ ಡಿಎನ್‌ಎಸ್ ಕೈಕಟ್ಟಿ ಕುಳಿತುಕೊಳ್ಳುತ್ತದೆ. ಯಾವ ತಾಣದ ಹೆಸರು ಬರೆದರೂ ಪುಟ ತೆರೆಯದು. ಇದು ಒಳ್ಳೆಯ ಪಕ್ಷ. ಏಕೆಂದರೆ ತಪ್ಪು ಕೂಡಲೇ ಗೊತ್ತಾಗುತ್ತದೆ. ಡಿಎಚ್‌ಸಿಪಿಯ ಕಥೆ ಬೇರೆ. ಅದು ತರುವ ವಿಳಾಸ ಬಾಡಿಗೆಯ ವಿಳಾಸ. ಅವಧಿ ಮುಗಿಯುವ ಮುನ್ನ ಕರಾರು ನವೀಕರಿಸಬೇಕು. ತಡೆದ ದಿನ ಎಲ್ಲವೂ ಸುಸೂತ್ರ. ಅವಧಿ ತೀರಿದ ಮೇಲೆ ಯಂತ್ರವು ಬೇರೆ ದಾರಿ ಕಾಣದೆ 169.254 ಎಂದು ಆರಂಭವಾಗುವ ವಿಳಾಸವೊಂದನ್ನು ತಾನೇ ತೊಟ್ಟುಕೊಂಡು ಒಂಟಿಯಾಗಿ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ತಾನು ಒತ್ತಿದ ಗುಂಡಿಯ ನೆನಪು ಯಜಮಾನನಿಗೆ ಇರುವುದಿಲ್ಲ. ದೂರವಾಣಿ ಕಚೇರಿಗೆ ದೂರು ಹೋಗುತ್ತದೆ, ತಂತಿಯನ್ನು ಪರೀಕ್ಷಿಸುವವನು ಬರುತ್ತಾನೆ, ತಂತಿ ಸರಿಯಾಗಿಯೇ ಇರುತ್ತದೆ, ಪೆಟ್ಟಿಗೆಯನ್ನು ಬದಲಾಯಿಸಿ ಎಂಬ ಸಲಹೆ ದೊರೆಯುತ್ತದೆ.

ಗಡಿಯಾರ ತಿದ್ದುವವನನ್ನು ತಡೆದರೆ ಏನಾದೀತೆಂದು ಯಾರೂ ಊಹಿಸಲಾರರು. ಹಳೆಯ ಯಂತ್ರದೊಳಗಿನ ಪುಟ್ಟ ಬ್ಯಾಟರಿ ಸೋತು ದಿನಾಂಕವು ವರ್ಷಗಳಷ್ಟು ಹಿಂದಕ್ಕೆ ಜಾರಿದಾಗ, ಅದನ್ನು ಎತ್ತಿ ನಿಲ್ಲಿಸುವವರಿಲ್ಲದೆ ಬ್ಯಾಂಕಿನ ಪುಟ ತೆರೆಯುವುದನ್ನೇ ಬ್ರೌಸರು ನಿರಾಕರಿಸುತ್ತದೆ. ತಾಣದ ಪ್ರಮಾಣಪತ್ರದ ತಾರೀಖಿಗೂ ಯಂತ್ರದ ತಾರೀಖಿಗೂ ತಾಳೆಯಾಗದ ಕಾರಣ. ಬ್ಯಾಂಕಿನಲ್ಲಿ ಏನೋ ಮೋಸವಾಗಿದೆಯೆಂಬ ಗಾಬರಿ ಮನೆಯಲ್ಲಿ! ಇವೆಲ್ಲಕ್ಕಿಂತ ಕೆಟ್ಟದ್ದು ಅಪ್‌ಡೇಟನ್ನು ತಡೆಯುವುದು. ಅದರಿಂದ ಏನೂ ಆಗುವುದಿಲ್ಲ. ಯಂತ್ರ ನಿಲ್ಲದು, ಪುಟ ತೆರೆಯದಿರದು. ವೈದ್ಯರು ಬರೆದುಕೊಟ್ಟ ಔಷಧ ಮಾತ್ರ ಮನೆಯನ್ನು ತಲುಪುವುದಿಲ್ಲ. ರಕ್ಷಣೆಗಾಗಿ ಇಟ್ಟ ಕಾವಲುಗಾರನೇ ವೈದ್ಯನನ್ನು ಬಾಗಿಲಿಂದ ಹಿಂದಕ್ಕಟ್ಟಿದಂತೆ.

ಹಾಗಾದರೆ ಎಲ್ಲಕ್ಕೂ ‘ಆಗಲಿ’ ಎನ್ನುವವರೇ ಜಾಣರೆ? ಅದಕ್ಕೆ 2003ರ ಆಗಸ್ಟ್ ತಿಂಗಳು ಉತ್ತರ ಹೇಳಿತು. ಆ ತಿಂಗಳ 11ರಂದು ‘ಬ್ಲಾಸ್ಟರ್’ ಎಂಬ ಹುಳು ಅಂತರಜಾಲದಲ್ಲಿ ಕಾಣಿಸಿಕೊಂಡಿತು. ವಿಂಡೋಸಿನ ಆರ್‌ಪಿಸಿ ಎಂಬ ಸೇವೆ ಅದೇ ಎಸ್‌ವಿಸಿಹೋಸ್ಟ್ ವಠಾರದ ನಿವಾಸಿ. 135ನೆಯ ಪೋರ್ಟಿನಲ್ಲಿ ಕಿವಿಗೊಟ್ಟು ಕುಳಿತಿರುವುದು ಅದರ ಸ್ವಭಾವ. ಆ ಸೇವೆಯಲ್ಲಿದ್ದ ದೋಷವನ್ನು ಹಿಡಿದು ಹುಳು ಒಳಗೆ ನುಗ್ಗಿತು. ಯಜಮಾನನು ಯಾವ ಪತ್ರವನ್ನೂ ತೆರೆಯಬೇಕಾಗಿರಲಿಲ್ಲ, ಯಾವ ಗುಂಡಿಯನ್ನೂ ಒತ್ತಬೇಕಾಗಿರಲಿಲ್ಲ. ಯಂತ್ರ ಜಾಲಕ್ಕೆ ಸೇರಿದ್ದರೆ ಸಾಕಿತ್ತು. ಎಷ್ಟೋ ಕಡೆ ಜನ ಕಂಡದ್ದು ಒಂದೇ ದೃಶ್ಯ: ಆರ್‌ಪಿಸಿ ಸೇವೆ ಅನಿರೀಕ್ಷಿತವಾಗಿ ನಿಂತಿದೆ, ಅರುವತ್ತು ಸೆಕೆಂಡುಗಳಲ್ಲಿ ಯಂತ್ರ ಮುಚ್ಚಲಿದೆ ಎಂಬ ನೋಟೀಸು, ಕೆಳಗೆ ಇಳಿಯುತ್ತಿರುವ ಎಣಿಕೆ. ಮತ್ತೆ ಚಾಲೂ ಮಾಡಿದರೆ ಮತ್ತೆ ಅದೇ. ತಿದ್ದುಪಡಿಯನ್ನು ತರಿಸಿಕೊಳ್ಳೋಣವೆಂದರೆ ಅದು ಬಂದು ಇಳಿಯುವಷ್ಟು ಹೊತ್ತು ಯಂತ್ರ ನಿಲ್ಲುತ್ತಿರಲಿಲ್ಲ.

ಆ ದೋಷಕ್ಕೆ ಮೈಕ್ರೋಸಾಫ್ಟ್ ಜುಲೈ 16ರಂದೇ ಮದ್ದು ಕೊಟ್ಟಿತ್ತು, ಹುಳು ಬರುವುದಕ್ಕೆ 26 ದಿನ ಮೊದಲು. ವಿಂಡೋಸ್ ಎಕ್ಸ್‌ಪಿಯಲ್ಲಿ ಒಂದು ಫೈರ್‌ವಾಲೂ ಇತ್ತು; ಆದರೆ ಅದನ್ನು ಮಲಗಿಸಿಯೇ ಮಾರಿದ್ದರು. ಎಬ್ಬಿಸಿಕೊಂಡ ಮನೆಗಳಲ್ಲಿ ಹುಳು ಬಾಗಿಲ ಹೊರಗೇ ಉಳಿಯಿತು. 2004ರ ಮೇ ತಿಂಗಳಲ್ಲಿ ‘ಸಾಸರ್’ ಎಂಬ ಇನ್ನೊಂದು ಹುಳು ಎಲ್‌ಸಾಸ್ ಎಂಬ ಸಿಸ್ಟಂ ಪ್ರೊಸೆಸ್ಸನ್ನು 445ನೆಯ ಪೋರ್ಟಿನ ಮೂಲಕ ಕಾಡಿತು. ಆ ವರ್ಷದ ಆಗಸ್ಟಿನಲ್ಲಿ ಹೊರಬಂದ ಎಕ್ಸ್‌ಪಿಯ ಎರಡನೆಯ ಸರ್ವೀಸ್ ಪ್ಯಾಕಿನಲ್ಲಿ ಫೈರ್‌ವಾಲನ್ನು ಮೊದಲೇ ಎಚ್ಚರವಾಗಿಟ್ಟು ಕಳುಹಿಸಿದರು. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ನಮ್ಮ ಗಾದೆ ಇಲ್ಲಿ ತಕ್ಕಮಟ್ಟಿಗೆ ಸಲ್ಲುತ್ತದೆ. ಆದರೂ ಹಾಕಿದರಲ್ಲ ಎಂಬುದು ಸಮಾಧಾನ.

ಈ ಎರಡು ಕಥೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ತಡೆದವನು ಕೆಟ್ಟದ್ದು ಒಳಗಿನಿಂದ ಹೊರಗೆ ಹೋಗುವವರನ್ನು ತಡೆದು. ಬಿಟ್ಟವನು ಕೆಟ್ಟದ್ದು ಹೊರಗಿನಿಂದ ಒಳಗೆ ಬರುವವರನ್ನು ಬಿಟ್ಟು. ಅದೇ ಎಸ್‌ವಿಸಿಹೋಸ್ಟ್, ಅದೇ ಯಂತ್ರ. ದಿಕ್ಕು ಮಾತ್ರ ಬೇರೆ. ಅಡುಗೆಯವನು ಸಂತೆಗೆ ಹೋಗಿ ತರಕಾರಿ ತರುವುದಕ್ಕೂ, ಸಂತೆಯಲ್ಲಿದ್ದವರೆಲ್ಲ ಅಡುಗೆಯವನನ್ನು ಕಾಣಲೆಂದು ನೇರವಾಗಿ ಅಡುಗೆಮನೆಗೆ ನುಗ್ಗುವುದಕ್ಕೂ ಇರುವ ಅಂತರ ಇದು. ಹೊರಗೆ ಹೋದವನು ಕೇಳಿದ್ದಕ್ಕೆ ಬಂದ ಉತ್ತರವನ್ನು ಫೈರ್‌ವಾಲ್ ಗುರುತಿಸಿ ಒಳಗೆ ಬಿಡುತ್ತದೆ. ಕೇಳದೆಯೇ ಬಂದದ್ದನ್ನು ತಡೆಯುತ್ತದೆ. ಜೋನ್ ಅಲಾರ್ಮ್ ಇದಕ್ಕಾಗಿ ಎರಡು ಬೇರೆ ಕಲಮುಗಳನ್ನೇ ಇಟ್ಟಿತ್ತು: ಹೊರಗೆ ಹೋಗುವ ಪರವಾನಗಿ ಒಂದು, ‘ಸರ್ವರ್’ ಆಗಿ ಕುಳಿತು ಪರರ ಕರೆಗೆ ಓಗೊಡುವ ಪರವಾನಗಿ ಇನ್ನೊಂದು. ಅವಸರದಲ್ಲಿ ಜನ ಎರಡನ್ನೂ ಒಂದೆಂದೇ ಭಾವಿಸಿ ಒತ್ತುತ್ತಿದ್ದರು. ಸಿಸ್ಟಂ ಪ್ರೊಸೆಸ್‌ಗಳಿಗೆ ಮೊದಲನೆಯದನ್ನು ಧಾರಾಳವಾಗಿ ಕೊಡಬೇಕು. ಎರಡನೆಯದನ್ನು ಅಂತರಜಾಲದ ಕಡೆಗೆ ಕೊಡಲೇಬಾರದು. ಮನೆಯ ಯಂತ್ರದ ಎಲ್‌ಸಾಸಿಗೆ ಹೊರಗಿನ ಅಪರಿಚಿತರನ್ನು ಕಾಣುವ ಕೆಲಸವಾದರೂ ಏನಿದೆ?

ಚಿತ್ರದುರ್ಗದ ಓಬವ್ವನ ಕಥೆಯನ್ನು ಕೇಳಿ ಬೆಳೆದವರಿಗೆ ಪೋರ್ಟ್ ಎಂದರೇನೆಂದು ವಿವರಿಸಬೇಕಾಗಿಲ್ಲ. ಹೈದರಾಲಿಯ ಸೈನಿಕರು ನುಸುಳಿದ ಕಿಂಡಿ ಶತ್ರು ಕೊರೆದದ್ದಲ್ಲ. ಕೋಟೆಯ ಬಂಡೆಗಳ ನಡುವೆ ಮೊದಲಿನಿಂದಲೂ ಇದ್ದದ್ದು. ಯಂತ್ರದಲ್ಲಿ ಇಂಥ ಕಿಂಡಿಗಳಿಗೆ 0ಯಿಂದ 65,535ರವರೆಗೆ ಸಂಖ್ಯೆ ಕೊಟ್ಟಿದ್ದಾರೆ. ಪ್ರತಿಯೊಂದರ ಬಳಿಯೂ ಒನಕೆ ಹಿಡಿದು ನಿಲ್ಲಲು ಯಾರಿಂದ ಸಾಧ್ಯ? ಯಾರೂ ಕುಳಿತು ಕೇಳದ ಕಿಂಡಿಯಿಂದ ಅಪಾಯವಿಲ್ಲ, ಕೇಳುತ್ತಿರುವ ಕಿಂಡಿಯನ್ನು ಫೈರ್‌ವಾಲ್ ಮುಚ್ಚಿದರಾಯಿತು.

ಇಲ್ಲೊಂದು ತೊಡಕಿದೆ. ಮನೆಯಲ್ಲಿ ಎರಡು ಯಂತ್ರಗಳಿದ್ದು, ಒಂದರ ಫೋಟೋಗಳನ್ನು ಇನ್ನೊಂದರಲ್ಲಿ ನೋಡಬೇಕೆಂದರೆ, ಅಥವಾ ಮಹಡಿಯ ಮೇಲಿನ ಪ್ರಿಂಟರನ್ನು ಎಲ್ಲರೂ ಬಳಸಬೇಕೆಂದರೆ, 445ನೆಯ ಕಿಂಡಿಯನ್ನು ಮನೆಯವರಿಗಾಗಿ ತೆರೆಯಲೇಬೇಕು. ಅದಕ್ಕೇ ವಿಂಡೋಸ್ ಹೊಸ ಜಾಲವೊಂದಕ್ಕೆ ಸೇರುವಾಗ ಇದು ಖಾಸಗಿಯೋ ಸಾರ್ವಜನಿಕವೋ ಎಂದು ವಿಚಾರಿಸುತ್ತದೆ. ರೈಲು ನಿಲ್ದಾಣದ ವೈಫೈಯನ್ನೂ, ಹೋಟೆಲಿನ ವೈಫೈಯನ್ನೂ, ಮದುವೆ ಛತ್ರದ ವೈಫೈಯನ್ನೂ ‘ನಮ್ಮದೇ’ ಎಂದು ಗುರುತು ಹಾಕಿಬಿಟ್ಟರೆ, ಮನೆಯವರಿಗೆಂದು ತೆರೆದ ಬಾಗಿಲು ಅಲ್ಲಿರುವ ಸಮಸ್ತರಿಗೂ ತೆರೆದಂತಾಯಿತು. ನಿಜವಾಗಿ ಗಮನವಿಟ್ಟು ಉತ್ತರಿಸಬೇಕಾದ ಪ್ರಶ್ನೆ ಇದೇ. ಆದರೆ ಜನ ಅತ್ಯಂತ ಹಗುರವಾಗಿ ಕಾಣುವ ಪ್ರಶ್ನೆಯೂ ಇದೇ.

445ರ ಮಾತು ಸಣ್ಣದಲ್ಲ. 2017ರ ಮೇ 12ರಂದು ‘ವನ್ನಾಕ್ರೈ’ ಎಂಬ ಹುಳು ಆ ಕಿಂಡಿಯಿಂದಲೇ ನುಗ್ಗಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯ 236 ಟ್ರಸ್ಟುಗಳಲ್ಲಿ ಕಡಮೆಯೆಂದರೆ 81ಕ್ಕೆ ಪೆಟ್ಟು ಬಿತ್ತು; ಶಸ್ತ್ರಚಿಕಿತ್ಸೆಗೆಂದು ದಿನ ಗೊತ್ತು ಮಾಡಿಕೊಂಡು ಬಂದ ರೋಗಿಗಳು ಹಿಂದಿರುಗಬೇಕಾಯಿತು. ಈ ದೋಷದ ಮದ್ದೂ ಮಾರ್ಚ್ 14ರಂದೇ ಬಂದಿತ್ತು. ಅಲ್ಲಿಯ ಸರ್ಕಾರಿ ಲೆಕ್ಕಪರಿಶೋಧಕರು ಆ ವರ್ಷದ ಕೊನೆಗೆ ಕೊಟ್ಟ ವರದಿಯಲ್ಲಿ ಇನ್ನೂ ಒಂದು ಮಾತಿತ್ತು: ಮದ್ದು ಹಾಕಿರಲಿ ಬಿಟ್ಟಿರಲಿ, ಅಂತರಜಾಲದ ಕಡೆಯ ಫೈರ್‌ವಾಲುಗಳನ್ನು ಸರಿಯಾಗಿ ನೋಡಿಕೊಂಡಿದ್ದ ಪಕ್ಷದಲ್ಲಿ ಆ ಸಂಸ್ಥೆಗಳು ಸೋಂಕಿನಿಂದ ಪಾರಾಗುತ್ತಿದ್ದವು.

ಇನ್ನು ಉಳಿದದ್ದು ಗುರುತಿನ ಪ್ರಶ್ನೆ. ಎಸ್‌ವಿಸಿಹೋಸ್ಟಿಗೆ ಹೊರಗೆ ಹೋಗಲು ಸದಾ ಪರವಾನಗಿಯಿದೆಯೆಂದು ಊರಿಗೆಲ್ಲ ಗೊತ್ತಾದ ಮೇಲೆ ಕಳ್ಳನು ಅದೇ ಹೆಸರನ್ನು ಹೇಳದಿರುತ್ತಾನೆಯೆ? ಹೇಳಿಯೇ ಹೇಳಿದನು. ಎರಡಕ್ಷರವನ್ನು ಹಿಂದುಮುಂದಾಗಿಸಿ ‘ಎಸ್‌ಸಿವಿಹೋಸ್ಟ್’ ಎಂದು ಬರೆದುಕೊಂಡವರಿದ್ದಾರೆ. ‘ಓ’ ಅಕ್ಷರದ ಜಾಗದಲ್ಲಿ ಸೊನ್ನೆಯನ್ನಿಟ್ಟವರಿದ್ದಾರೆ. ಹೆಸರನ್ನು ಸರಿಯಾಗಿಯೇ ಇಟ್ಟುಕೊಂಡು ಬೇರೆ ಕೇರಿಯಲ್ಲಿ ವಾಸವಾಗಿದ್ದವರೂ ಇದ್ದಾರೆ. ಹೆಸರು ನೋಡಿ ನಂಬುವ ಕಾವಲುಗಾರರು ಮೋಸಹೋಗುವುದನ್ನು ಸ್ಟೀವ್ ಗಿಬ್ಸನ್ ಎಂಬ ಅಮೆರಿಕದ ತಂತ್ರಜ್ಞರು ‘ಲೀಕ್‌ಟೆಸ್ಟ್’ ಎಂಬ ಪುಟ್ಟ ಪ್ರೋಗ್ರಾಮಿನಿಂದ ಲೋಕಕ್ಕೆ ತೋರಿಸಿದರು. ಅದಕ್ಕೆ ನಂಬಿಕೆಯ ಪ್ರೋಗ್ರಾಮೊಂದರ ಹೆಸರಿಟ್ಟರೆ ಸಾಕು, ಕೆಲವು ಫೈರ್‌ವಾಲುಗಳು ಚಕಾರವೆತ್ತದೆ ದಾರಿ ಬಿಡುತ್ತಿದ್ದವು. ಆದುದರಿಂದ ಹೆಸರಿಗಿಂತ ವಿಳಾಸ ಮುಖ್ಯ, ವಿಳಾಸಕ್ಕಿಂತ ಸಹಿ ಮುಖ್ಯ. ನಿಜವಾದ ಎಸ್‌ವಿಸಿಹೋಸ್ಟಿನ ನೆಲೆ ವಿಂಡೋಸ್ ಫೋಲ್ಡರಿನೊಳಗಿನ ಸಿಸ್ಟಂ32. ಟಾಸ್ಕ್ ಮ್ಯಾನೇಜರಿನಲ್ಲಿ ಹೆಸರಿನ ಮೇಲೆ ಬಲಗುಂಡಿಯನ್ನೊತ್ತಿ ಕಡತದ ಜಾಗವನ್ನು ತೆರೆದರೆ ಇದು ಕ್ಷಣದಲ್ಲಿ ಕಾಣುತ್ತದೆ. ಅರವತ್ತನಾಲ್ಕು ಬಿಟ್ಟಿನ ವಿಂಡೋಸಿನಲ್ಲಿ ಸಿಸ್‌ವಾವ್64 ಎಂಬ ಫೋಲ್ಡರಿನಲ್ಲಿಯೂ ಒಂದು ಪ್ರತಿಯಿರುತ್ತದೆ, ಅದೂ ಅಸಲಿಯೇ. ಡೌನ್‌ಲೋಡ್ ಫೋಲ್ಡರಿನಲ್ಲಿಯೋ ಟೆಂಪ್ ಫೋಲ್ಡರಿನಲ್ಲಿಯೋ ಅದೇ ಹೆಸರು ಕಂಡರೆ ವಿಚಾರಣೆಯೇ ಬೇಡ. ಸಹಿಯನ್ನು ಪರೀಕ್ಷಿಸಬೇಕೆನ್ನುವವರಿಗೆ ಮೈಕ್ರೋಸಾಫ್ಟ್ ಬಿಟ್ಟಿಯಾಗಿ ಕೊಡುವ ‘ಪ್ರೊಸೆಸ್ ಎಕ್ಸ್‌ಪ್ಲೋರರ್’ ಇದೆ.

ಎಲ್ಲಿಗೆ ಹೊರಟಿದ್ದಾನೆಂಬುದನ್ನೂ ಚೀಟಿಯಲ್ಲಿ ನೋಡಬಹುದು. 53 ಎಂದಿದ್ದರೆ ಹೆಸರು ವಿಚಾರಿಸಲು, 67 ಎಂದಿದ್ದರೆ ವಿಳಾಸ ಕೇಳಲು, 123 ಎಂದಿದ್ದರೆ ಗಂಟೆ ಕೇಳಲು, 443 ಎಂದಿದ್ದರೆ ಬಹುಮಟ್ಟಿಗೆ ತಿದ್ದುಪಡಿ ತರಲು. 1900 ಎಂದಿದ್ದರೆ ಮನೆಯೊಳಗೇ ಟೀವಿಯೋ ಪ್ರಿಂಟರೋ ಇದೆಯೇ ಎಂದು ಕೂಗಿ ನೋಡಲು. 127.0.0.1 ಎಂಬ ವಿಳಾಸವಿದ್ದರಂತೂ ನಕ್ಕು ಬಿಡಬಹುದು. ಯಂತ್ರವು ತನ್ನೊಡನೆ ತಾನೇ ಮಾತಾಡುತ್ತಿದೆ. ವಯಸ್ಸಾದವರಿಗೆ ಆ ಅಭ್ಯಾಸ ಹೊಸದಲ್ಲ.

ಇಷ್ಟಾದರೂ ಒಂದು ಬಾಧೆಗೆ ಈ ಪರೀಕ್ಷೆಗಳು ಸಾಲವು. 2008ರ ನವೆಂಬರಿನಲ್ಲಿ ಕಾಣಿಸಿಕೊಂಡ ‘ಕಾನ್‌ಫಿಕರ್’ ಬೇರೆ ಹೆಸರಿನಲ್ಲಿ ಬರಲಿಲ್ಲ. ಬೇರೆ ಕೇರಿಯಲ್ಲಿಯೂ ನಿಲ್ಲಲಿಲ್ಲ. ಅಸಲಿ ಎಸ್‌ವಿಸಿಹೋಸ್ಟಿನೊಳಗೇ ಒಂದು ಕೋಣೆ ಹಿಡಿದು ಸೇವೆಯ ವೇಷದಲ್ಲಿ ಕುಳಿತಿತು. ಬಾಗಿಲಲ್ಲಿ ಕಾಣುವ ಹೆಸರು ಸರಿ, ವಿಳಾಸ ಸರಿ, ಸಹಿಯೂ ಸರಿ. ಒಳಗೆ ಕುಳಿತು ಅದು ಅಪ್‌ಡೇಟನ್ನು ನಿಲ್ಲಿಸಿತು, ವೈರಸ್ ನಿವಾರಕರ ತಾಣಗಳ ಹೆಸರುಗಳು ತೆರೆಯದಂತೆ ಮಾಡಿತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಅದನ್ನು ಕಟ್ಟಿ ಬಿಟ್ಟವರನ್ನು ಹಿಡಿಸಿಕೊಟ್ಟವರಿಗೆ ಎರಡೂವರೆ ಲಕ್ಷ ಡಾಲರುಗಳ ಬಹುಮಾನವನ್ನು ಮೈಕ್ರೋಸಾಫ್ಟ್ 2009ರ ಫೆಬ್ರವರಿಯಲ್ಲಿ ಸಾರಿತು. ಇಂಥ ಶತ್ರು ಒಮ್ಮೆ ಒಳಹೊಕ್ಕ ಮೇಲೆ ಹೊರಬಾಗಿಲ ಚೀಟಿಯಿಂದ ಪ್ರಯೋಜನ ಅತ್ಯಲ್ಪ. ಅದು ಬಳಸಿದ ದೋಷಕ್ಕೂ ಅಕ್ಟೋಬರ್ 23ರಂದೇ ಮದ್ದು ಬಂದಿತ್ತೆಂದು ಬೇರೆ ಹೇಳಬೇಕೆ?

ಈ ಕಾರಣದಿಂದಲೇ ವಿಂಡೋಸಿನ ಸ್ವಂತ ಫೈರ್‌ವಾಲ್ ಹೊರಗೆ ಹೋಗುವವರನ್ನು ಕುರಿತು ಸಾಮಾನ್ಯವಾಗಿ ಏನನ್ನೂ ಕೇಳುವುದಿಲ್ಲ. ಬರುವವರನ್ನು ಮಾತ್ರ, ಅನುಮತಿಯಿಲ್ಲದಿದ್ದರೆ, ತಡೆಯುತ್ತದೆ. ಇದನ್ನು ಅರೆಕಾವಲೆಂದು ಹಳಿಯುವ ಪರಿಣತರಿದ್ದಾರೆ. ಅವರು ತಮ್ಮ ಮನೆಯಲ್ಲಿ ಬೇಕಾದಂತೆ ಕಟ್ಟಿಕೊಳ್ಳಲಿ; ಅವರಿಗೆ ಚೀಟಿ ಓದುವ ವಿದ್ಯೆಯಿದೆ, ವ್ಯವಧಾನವೂ ಇದೆ. ಸಂಸಾರಸ್ಥರ ಮನೆಗೆ ಮಾತ್ರ ಈ ಅರೆಕಾವಲೇ ಮೇಲು. ದಿನಕ್ಕೆ ಇಪ್ಪತ್ತು ಸಲ ಕೇಳುವ ಕಾವಲುಗಾರನಿಗೆ ಇಪ್ಪತ್ತನೆಯ ಸಲ ಯಾರೂ ತಲೆಯೆತ್ತಿ ಉತ್ತರಿಸುವುದಿಲ್ಲ. ಕೈ ತಾನಾಗಿಯೇ ‘ಆಗಲಿ’ ಎಂದು ಒತ್ತುತ್ತದೆ, ಮತ್ತು ಆ ಇಪ್ಪತ್ತನೆಯದೇ ಕಳ್ಳನದಾಗಿರಬಹುದು. ಮನೆಯ ಯಂತ್ರದ ಮುಂದೆ ಕುಳಿತುಕೊಳ್ಳುವವರೂ ಒಬ್ಬರಲ್ಲ. ಬೆಳಗ್ಗೆ ತಂದೆ, ಮಧ್ಯಾಹ್ನ ಅಜ್ಜಿ, ಸಂಜೆ ಶಾಲೆಯಿಂದ ಬಂದ ಹುಡುಗ; ಒಬ್ಬರು ಕೊಟ್ಟ ಉತ್ತರ ಎಲ್ಲರನ್ನೂ ಕಟ್ಟುತ್ತದೆ. ಆ ಯಂತ್ರದಲ್ಲಿಯೇ ಪಿಂಚಣಿಯ ಖಾತೆಯಿದೆ, ಮಗುವಿನ ಮೊದಲ ಹುಟ್ಟುಹಬ್ಬದ ಫೋಟೋಗಳಿವೆ.

ಹಿಂದೆ ಯಾರೋ ಏನನ್ನೋ ಒತ್ತಿ ಎಲ್ಲವೂ ಗೋಜಲಾಗಿದ್ದರೆ, ವಿಂಡೋಸ್ ಫೈರ್‌ವಾಲಿನಲ್ಲಿ ಮೂಲಸ್ಥಿತಿಗೆ ಮರಳಿಸುವ ಆಜ್ಞೆಯೊಂದಿದೆ. ಅದು ತಪ್ಪು ತಡೆಗಳನ್ನೂ, ಬೇಕೆಂದು ಕೊಟ್ಟ ಅನುಮತಿಗಳನ್ನೂ ಒಟ್ಟಿಗೆ ಅಳಿಸುತ್ತದೆ; ಅನುಮತಿಗಳನ್ನು ಪ್ರೋಗ್ರಾಮುಗಳು ಮತ್ತೆ ಕೇಳಿದಾಗ ಕೊಟ್ಟರಾಯಿತು. ಸಿಸ್ಟಂ ಪ್ರೊಸೆಸ್‌ಗಳಿಗೆ ಬೇಕಾದ ನಿಯಮಗಳು ಆ ಮೂಲಸ್ಥಿತಿಯಲ್ಲಿಯೇ ಇವೆ, ಮನೆಯವರು ಬರೆಯಬೇಕಾದುದು ಏನೂ ಇಲ್ಲ. ಹೊಸ ತಿದ್ದುಪಡಿ ಬರದ ಯಂತ್ರಗಳ ಮಾತು ಮಾತ್ರ ಬೇರೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಆಸರೆ 2014ರ ಏಪ್ರಿಲ್ 8ರಂದೇ ಮುಗಿಯಿತು. ವಿಂಡೋಸ್ 10ಕ್ಕೆ ಸಾಮಾನ್ಯ ಆಸರೆ 2025ರ ಅಕ್ಟೋಬರ್ 14ರಂದು ಮುಗಿಯಿತು. ಅಂಥ ಯಂತ್ರವನ್ನು ಇನ್ನೂ ಜಾಲಕ್ಕೆ ಸೇರಿಸಿಟ್ಟುಕೊಂಡಿರುವ ಮನೆಯವರು ಜಾಲವನ್ನು ‘ಸಾರ್ವಜನಿಕ’ವೆಂದೇ ಗುರುತು ಮಾಡಿ, ಕಡತ ಹಂಚಿಕೆಯನ್ನು ನಿಲ್ಲಿಸಿ, ಪ್ರಿಂಟರನ್ನು ಬೇರೊಂದು ಯಂತ್ರಕ್ಕೆ ಸಾಗಿಸುವುದು ಈ ವಾರವೇ ಮಾಡಬಹುದಾದ ಕೆಲಸ.